ಕೈಗಡದ ಗುಳಿಗೆ

ಧರ್ಮದ ವಿಚಾರವು ದೊಡ್ಡ ದೊಡ್ಡ ಪ್ರಸಂಗಗಳಲ್ಲಿಯೇ ಹುಟ್ಟುವದೆಂದು ಜನರು ಭಾವಿಸುವದುಂಟು. ರಾಜ್ಯವನ್ನು ಬಿಡಬೇಕೋ ಬಾರದೋ, ಸತ್ಯಕ್ಕಾಗಿ ಹೆಂಡಿರು ಮಕ್ಕಳನ್ನು ಮಾರಬೇಕೋ ಬಾರದೋ ಎಂಬಂಥ ಸಂಕಟಗಳು ಪುರಾಣಪುರುಷರಿಗೆ ಬಂದವು. ಗೃಹಸ್ಥನ ಬಾಗಿಲಿಗೆ ಅವು ಬರುವದು ಅಪರೂಪವು. ಅವನ ಬಾಗಿಲಿಗೆ ಬರುವ ಧರ್ಮಸಂಕಟವು ಬಹುತರವಾಗಿ ಒಂದು ಸೇರು ಹಿಟ್ಟು, ಒಂದು ಕೊಡ ನೀರು, ಒಂದು ಗುಳಿಗೆ ಇಷ್ಟೇ ಅಳತೆಯದಾಗಿರುತ್ತದೆ. ಸಣ್ಣದಾದ್ದರಿಂದಲೇ ಅದನ್ನು ಸಂಕಟವೆಂದು ಯಾರೂ ಗುರುತಿಸುವದಿಲ್ಲ. ಪ್ರಸ್ತುತ ವಿಚಾರವು ಅಂಥ ಒಂದು ಗುಳಿಗೆಗೆ ಸಂಬಂಧಿಸಿದ್ದು.

ಹುಕ್ಕೇರಿ ತಾಲೂಕಿನ ಹತ್ತರಗಿಯು ಬೆಳಗಾವಿಯಿಂದ ಸಂಕೇಶ್ವರ, ನಿಪ್ಪಾಣಿಗಳ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಈ ದಾರಿಯ ಒಂದು ಕೈ ಪುಣೆಗೆ ಮುಟ್ಟುತ್ತದೆ, ಇನ್ನೊಂದು ಕೈ ಬೆಂಗಳೂರಿಗೆ. ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ತಾಲೂಕುಗಳ ಎಷ್ಟೋ ಮನೆಗಳ ಮಕ್ಕಳು ಕಲಿತು ಜಾಣರಾಗಿ ಈ ದಾರಿ ಹಿಡಿದು ಹೋದರು. ಘಟಪ್ರಭೆಯ ನೀರು ಹಿಡಕಲ್ಲಿನಲ್ಲಿ ನಿಂತು ಕಾಲುವೆಗಳಿಂದ ಹರಿದು ಕಬ್ಬು ಬೆಳೆಯಿತು, ಹಳೆಯ ಮಣ್ಣಿನ ಮಾಳಿಗೆಯಿದ್ದಲ್ಲಿ ದೊಡ್ಡ ಮನೆಗಳು ಎದ್ದವು. ಆದರೆ ಆ ಮನೆಗಳಲ್ಲಿ ದೀಪ ಹಚ್ಚಲಿಕ್ಕೆ ಉಳಿದವರು ಅನೇಕ ಕಡೆಗೆ ಇಬ್ಬರೇ, ಅವರೂ ಮುಪ್ಪಿನವರು. ಇಬ್ಬರಲ್ಲಿ ಒಬ್ಬರು ತೀರಿದ ಮೇಲೆ ಉಳಿದವರ ಗತಿಯೇನೆಂಬ ಪ್ರಶ್ನೆಗೆ ಹಿಂದೆ ಉತ್ತರವು ಒಂದೇ ಇತ್ತು. ಈಗ ವೃದ್ಧಾಶ್ರಮವೆಂಬ ಎರಡನೆಯ ಉತ್ತರವೂ ಉಂಟಾಗಿದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ವಿಷಯವಾಗಿ 2007ರಲ್ಲಿ ಆದ ಕಾಯಿದೆಯು, ನಿರ್ಗತಿಕ ವೃದ್ಧರು ಕನಿಷ್ಠ 150 ಜನರು ಇರತಕ್ಕಂಥ ಆಶ್ರಮವು ಜಿಲ್ಲೆಗೊಂದಾದರೂ ಆಗಲೆಂದು ಹೇಳುತ್ತದೆ. ಮಕ್ಕಳಿರುವಾಗ ಆಶ್ರಮವೇಕೆಂದು ಮೂಗು ಮುರಿಯುವವರು ಇನ್ನೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಆ ವಾದವು ಬೇರೆ. ಆಶ್ರಮವು ಇರುವದಂತೂ ನಿಜವು. ಇದ್ದ ಮೇಲೆ ಅದರೊಳಗೆ ಧರ್ಮವು ಹೇಗೆ ನಡೆಯಬೇಕೆಂಬದೇ ಇಲ್ಲಿಯ ಪ್ರಶ್ನೆಯು.

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗಾಗಿ ನಿಲ್ಲುವ ದೇವದತ್ತ-ಯಜ್ಞದತ್ತರನ್ನೇ ಇಲ್ಲಿಗೂ ಕರೆತರಬಹುದು. ವ್ಯಾಕರಣದಲ್ಲಿ ಅವರು ಅನ್ನ ಬೇಯಿಸುತ್ತ, ಊರಿಂದೂರಿಗೆ ಹೋಗುತ್ತ ಎಷ್ಟೋ ಶತಮಾನ ದುಡಿದಿದ್ದಾರೆ. ಈಗ ಇಬ್ಬರಿಗೂ ಎಪ್ಪತ್ತೈದು ದಾಟಿದೆಯೆಂದೂ, ಹೆದ್ದಾರಿಯ ಬದಿಯ ಒಂದು ಆಶ್ರಮದಲ್ಲಿ ಒಂದೇ ಕೋಣೆಯಲ್ಲಿ ಅವರ ವಾಸವೆಂದೂ ವಾಚಕರು ಕಲ್ಪಿಸಿಕೊಳ್ಳಲಿ. ಇಬ್ಬರಿಗೂ ರಕ್ತದೊತ್ತಡವಿದೆ, ವೈದ್ಯನು ಇಬ್ಬರಿಗೂ ಒಂದೇ ಗುಳಿಗೆಯನ್ನು ಬರೆದುಕೊಟ್ಟಿದ್ದಾನೆ. ಯಜ್ಞದತ್ತನ ಮಗಳು ತಿಂಗಳ ಮೊದಲನೆಯ ವಾರದಲ್ಲಿ ತಪ್ಪದೆ ಬಂದು, ತಂದೆಯ ಎದುರಿಗೇ ಮೂವತ್ತು ಗುಳಿಗೆಗಳನ್ನು ಎಣಿಸಿ ವ್ಯವಸ್ಥಾಪಕನ ಕೈಯಲ್ಲಿ ಕೊಟ್ಟು ಹೋಗುತ್ತಾಳೆ. ದೇವದತ್ತನ ಮಗನು ಪುಣೆಯಲ್ಲಿರುತ್ತಾನೆ; ನೆನಪಾದಾಗ ಹಣ ಕಳಿಸುತ್ತಾನೆ. ಇಪ್ಪತ್ತಾರನೆಯ ತಾರೀಖಿಗೆ ದೇವದತ್ತನ ಡಬ್ಬಿಯು ಬರಿದಾಯಿತು. ವ್ಯವಸ್ಥಾಪಕನು ಕೆಟ್ಟವನಲ್ಲ, ರಾತ್ರಿ ನಾಲ್ಕು ಸಾರೆ ಎದ್ದು ಹಾಸಿಗೆ ಬದಲಿಸುವ ಪುಣ್ಯಾತ್ಮನು. ಅವನು ಯಜ್ಞದತ್ತನ ಪಟ್ಟಿಯಿಂದ ಐದು ಗುಳಿಗೆಗಳನ್ನು ಕತ್ತರಿಸಿ ದೇವದತ್ತನ ಡಬ್ಬಿಗೆ ಹಾಕಿದನು. ಹಣ ಬಂದ ಕೂಡಲೆ ತಿರುಗಿ ಇಟ್ಟರಾಯಿತೆಂಬದು ಅವನ ಮನಸ್ಸಿನ ಮಾತು. ಇದು ಧರ್ಮವೋ ಅಧರ್ಮವೋ?

ಮೊದಲು ಅವನ ಪಕ್ಷವನ್ನೇ ಕೇಳಬೇಕು, ಏಕೆಂದರೆ ಅದು ದುರ್ಬಲವಾದ ಪಕ್ಷವಲ್ಲ. ಗುಳಿಗೆಯು ಗುಳಿಗೆಗೆ ಸಮಾನವು. ಕಡ ತಂದ ಜೋಳದ ಹಿಟ್ಟಿಗೆ ಬದಲಾಗಿ ಅದೇ ಹಿಟ್ಟನ್ನೇ ತಿರುಗಿ ಕೊಡಬೇಕೆಂದು ಯಾವ ಗೃಹಿಣಿಯೂ ಹಟ ಹಿಡಿಯುವದಿಲ್ಲ. ಯಜ್ಞದತ್ತನಿಗೆ ಇಂದಿನ ಗುಳಿಗೆಯು ತಪ್ಪಿಲ್ಲ, ನಾಳೆಯದೂ ತಪ್ಪಲಿಕ್ಕಿಲ್ಲ. ಇತ್ತ ದೇವದತ್ತನು ಐದು ದಿನ ಔಷಧವಿಲ್ಲದೆ ಇದ್ದರೆ ಒತ್ತಡವು ಏರಿ ಪಾರ್ಶ್ವವಾಯು ಹೊಡೆಯಬಹುದು. ಹೀಗಿರುವಲ್ಲಿ ಸ್ವಂತಕ್ಕೆ ಒಂದು ಕಾಸೂ ತೆಗೆದುಕೊಳ್ಳದವನನ್ನು ದೋಷಿಯೆಂದು ಕರೆಯುವ ಶಾಸ್ತ್ರವಾದರೂ ಯಾವದು?

ಆ ಶಾಸ್ತ್ರವು ಉಂಟು. ಅದರ ಅತ್ಯಂತ ಪ್ರಸಿದ್ಧವಾದ ವ್ಯಾಖ್ಯಾನವು ಕನ್ನಡ ನೆಲದಲ್ಲಿಯೇ ಹುಟ್ಟಿತು. ಮನುವು ವ್ಯವಹಾರಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿ, ಸಾಲವನ್ನು ಮೊದಲನೆಯದಾಗಿಯೂ ನಿಕ್ಷೇಪವನ್ನು, ಎಂದರೆ ಕಾಪಾಡಲಿಕ್ಕೆಂದು ಒಪ್ಪಿಸಿದ ಒಡವೆಯನ್ನು, ಎರಡನೆಯದಾಗಿಯೂ ಇಟ್ಟನು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಒಪ್ಪಿಸುವ ರೀತಿಯಲ್ಲಿಯೇ ಅವನು ಭೇದಗಳನ್ನು ಕಾಣಿಸುತ್ತಾನೆ. ಒಳಗೆ ಏನಿದೆಯೆಂದು ಹೇಳದೆ ಮುದ್ರೆ ಹಾಕಿ ಕೊಟ್ಟದ್ದು ಉಪನಿಧಿ. ಯಜಮಾನನು ಇಲ್ಲದಾಗ ಮನೆಯವರ ಕೈಯಲ್ಲಿ, ಅವನಿಗೆ ಮುಟ್ಟಿಸಿರೆಂದು ಇಟ್ಟು ಹೋದದ್ದು ನ್ಯಾಸ. ಎದುರಿಗೆ ನಿಂತು ಒಪ್ಪಿಸಿದ್ದು ನಿಕ್ಷೇಪ. ಒಂಬತ್ತು ನೂರು ವರ್ಷಗಳ ಈ ವಿಭಾಗವು ಇಂದಿನ ವೃದ್ಧಾಶ್ರಮದ ಬಾಗಿಲಲ್ಲಿ ದಿನಾಲು ಕಾಣುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಮಗನು ಔಷಧದ ಚೀಲವನ್ನು ಅಡಿಗೆಯವಳ ಕೈಯಲ್ಲಿ ತುರುಕಿ ಓಡಿದರೆ ಅದು ನ್ಯಾಸವಲ್ಲದೆ ಮತ್ತೇನು? ಗಂಟು ಕಟ್ಟಿದ ಚೀಲವನ್ನು ಬಿಚ್ಚದೆ, ಎಣಿಸದೆ ಕಪಾಟಿನಲ್ಲಿ ಇಟ್ಟರೆ ಅದು ಉಪನಿಧಿಯ ಸೋದರನೇ ಸರಿ. ಯಜ್ಞದತ್ತನ ಮಗಳು ಎಣಿಸಿ ಕೊಟ್ಟದ್ದು ಶುದ್ಧವಾದ ನಿಕ್ಷೇಪವು.

ನಿಕ್ಷೇಪದ ನಿಯಮವು ಕಠಿಣವಾದದ್ದು. ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಅದು ನಷ್ಟವಾದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ಒಡೆಯನ ಅನುಮತಿಯಿಲ್ಲದೆ ತನ್ನ ಇಚ್ಛೆಯಿಂದ ಅದನ್ನು ಬಳಸಿದವನು ದಂಡವನ್ನು ತೆರಬೇಕು, ಒಡವೆಯನ್ನು ವೃದ್ಧಿಸಹಿತವಾಗಿ ಕೊಡಬೇಕೆಂದು ಯಾಜ್ಞವಲ್ಕ್ಯನ ಮತವು. ತಿರುಗಿ ಕೊಡುವ ಉದ್ದೇಶವಿತ್ತೆಂಬ ಮಾತು ಅಲ್ಲಿ ನಡೆಯುವದಿಲ್ಲ. ಹಿಟ್ಟಿನ ದೃಷ್ಟಾಂತವು ಸೋಲುವದೂ ಇಲ್ಲಿಯೇ. ಗೃಹಿಣಿಯು ತನ್ನ ಹೊಸ್ತಿಲಲ್ಲಿ ನಿಂತು, ತನ್ನ ಹಿಟ್ಟನ್ನು, ತನ್ನ ಕೈಯಿಂದ ಅಳೆದು ಕೊಡುತ್ತಾಳೆ. ಇಂದು ಮನೆಯಲ್ಲಿ ಬೀಗರಿದ್ದಾರೆ, ಕೊಡಲಿಕ್ಕಾಗದೆಂದು ಹೇಳುವ ಅಧಿಕಾರವು ಅವಳಿಗಿದೆ. ಅದು ಸಾಲವು, ಮೊದಲನೆಯ ಪ್ರಕರಣದ್ದು. ವ್ಯವಸ್ಥಾಪಕನು ಮಾಡಿದ್ದು ಎರಡನೆಯ ಪ್ರಕರಣದ ವಸ್ತುವನ್ನು ಗುಟ್ಟಾಗಿ ಮೊದಲನೆಯ ಪ್ರಕರಣಕ್ಕೆ ಸಾಗಿಸಿದ್ದು. ಯಜ್ಞದತ್ತನು ತಾನು ಸಾಲ ಕೊಟ್ಟಿರುವದನ್ನೇ ಅರಿಯನು!

ಅರಿಯದಿದ್ದರೆ ಹಾನಿಯೇನೆಂದು ಕೇಳಬಹುದು. ಹಾನಿಯು ಇದೆ, ಅದು ಕಣ್ಣಿಗೆ ಬೀಳದಂಥದು. ಪುಣೆಯ ಮಗನು ಹಣ ಕಳಿಸುವನೋ ಇಲ್ಲವೋ ಎಂಬ ಸಂಶಯವು ಇಪ್ಪತ್ತಾರನೆಯ ತಾರೀಖಿನ ವರೆಗೆ ದೇವದತ್ತನ ತಲೆಯ ಮೇಲಿತ್ತು. ಐದು ಗುಳಿಗೆಗಳ ಸಂಗಡ ಆ ಸಂಶಯವೂ ಯಜ್ಞದತ್ತನ ಡಬ್ಬಿಗೆ ವರ್ಗವಾಯಿತು. ಎಚ್ಚರದಿಂದಿದ್ದ ಮಗಳ ಎಚ್ಚರವು ಮರೆಗುಳಿಯಾದ ಮಗನ ಮರೆವಿಗೆ ಜಾಮೀನಾಯಿತು. ತಿಂಗಳು ಕಳೆದಂತೆ ಆಶ್ರಮದಲ್ಲಿ ನೆಟ್ಟಗೆ ನಡೆಯುವ ಮನೆತನದವರ ಡಬ್ಬಿಗಳೇ ಉಳಿದವರ ಕಣಜವಾಗುವವು. ಗುಳಿಗೆಗಳಲ್ಲಿಯೂ ಎಲ್ಲವೂ ಸಮಾನವಲ್ಲ. ಹೆಸರು ಒಂದೇ ಇದ್ದು ಒಂದರಲ್ಲಿ 25 ಮಿಲಿಗ್ರಾಂ, ಇನ್ನೊಂದರಲ್ಲಿ 50 ಇರುವದುಂಟು. ನಿಧಾನವಾಗಿ ಕರಗುವಂತೆ ಮಾಡಿದ ಜಾತಿಯೂ ಬೇಗ ಕರಗುವ ಜಾತಿಯೂ ಬೇರೆ ಬೇರೆ. ಅಪಸ್ಮಾರದ ಔಷಧವನ್ನಾಗಲಿ ಹೃದಯದ ಬಡಿತವನ್ನು ತಗ್ಗಿಸುವ ಕೆಲವು ಔಷಧಗಳನ್ನಾಗಲಿ ಒಮ್ಮೆಲೆ ನಿಲ್ಲಿಸಿದರೆ ರೋಗವು ಮೊದಲಿಗಿಂತ ಹೆಚ್ಚಾಗಿ ತಿರುಗಿಬೀಳಬಹುದು. ಕಡವು ತೀರದೆ ಉಳಿದರೆ ಈ ತಿರುಗಿಬೀಳುವಿಕೆಯ ಪಾಲುಗಾರನು ಯಜ್ಞದತ್ತನು.

ಹಾಗಾದರೆ ಅವನನ್ನು ಕೇಳಿಯೇ ತೆಗೆದುಕೊಳ್ಳಲಿ ಎಂಬದು ಸುಲಭವಾದ ಪರಿಹಾರವಾಗಿ ತೋರುವದು. "ಅಜ್ಜಾರ, ಅವರ ಗುಳಿಗಿ ತೀರ್‍ಯಾವ್ರಿ, ನಿಮ್ಮವು ಐದು ಕೊಡ್ಲೇನ್ರಿ?" ಎಂದು ವ್ಯವಸ್ಥಾಪಕನು ವಿನಯದಿಂದಲೇ ಕೇಳುತ್ತಾನೆ. ಆ ಅಜ್ಜನ ಸ್ಥಿತಿಯನ್ನು ಸ್ವಲ್ಪ ಆಲೋಚಿಸಬೇಕು. ಅವನಿಗೆ ಸ್ನಾನಕ್ಕೆ ನೀರು ಕಾಸಿ ಕೊಡುವವನು ಇವನು. ರಾತ್ರಿ ಎದ್ದರೆ ಕೈ ಹಿಡಿಯುವವನು ಇವನು. ಮಗಳಿಗೆ ಫೋನು ಹಚ್ಚಿ ಕೊಡುವವನೂ ಇವನೇ. ಪಕ್ಕದ ಮಂಚದ ಮೇಲೆ ದೇವದತ್ತನು ಕಿವಿಗೊಟ್ಟು ಮಲಗಿದ್ದಾನೆ. ಹೀಗಿರುವಲ್ಲಿ "ಒಯ್ಯಪಾ" ಎನ್ನದೆ ಆ ಮುದುಕನು ಮತ್ತೇನು ಅಂದಾನು? ಇಲ್ಲವೆನ್ನುವ ಶಕ್ತಿಯಿದ್ದವನು ಹೌದೆಂದರೆ ಅದು ಅನುಮತಿಯು. ಇಲ್ಲವೆನ್ನಲಾರದವನ ಹೌದು ಎಂಬದು ಬರಿಯ ಶಬ್ದವು. ಆಶ್ರಮವಾಸಿಗಳ ವಿಷಯದಲ್ಲಿ ಎಲ್ಲಕ್ಕೂ ಮಿಗಿಲಾಗಿ ನೆನಪಿಡತಕ್ಕದ್ದು ಇದೇ ಎಂದು ತೋರುತ್ತದೆ. ಅವರು ಬಡವರೆಂದಲ್ಲ, ದಡ್ಡರೆಂದಲ್ಲ. ಹಲವರು ಒಂದು ಕಾಲಕ್ಕೆ ಊರ ನ್ಯಾಯವನ್ನು ಬಗೆಹರಿಸಿದವರು. ಆದರೆ ಈಗ ಅವರ ದಿನಚರಿಯೆಲ್ಲವೂ ಪರರ ಪ್ರಸನ್ನತೆಯ ಮೇಲೆ ನಿಂತಿದೆ.

ಇಲ್ಲಿ ಎದುರುಪಕ್ಷದವರು ಆಪದ್ಧರ್ಮವನ್ನು ಮುಂದಿಡುವರು. ಪ್ರಾಣಸಂಕಟದಲ್ಲಿ ಒಡೆತನದ ಮಾತೇಕೆ? ಈ ಪ್ರಶ್ನೆಗೆ ಛಾಂದೋಗ್ಯದಲ್ಲಿಯ ಉಷಸ್ತಿ ಚಾಕ್ರಾಯಣನ ಕಥೆಗಿಂತ ಉತ್ತಮವಾದ ಉತ್ತರವಿಲ್ಲ. ಕುರುದೇಶದ ಬೆಳೆಯು ಹಾಳಾದಾಗ ಹೆಂಡತಿಯೊಡನೆ ಅಲೆಯುತ್ತಿದ್ದ ಆ ಬ್ರಾಹ್ಮಣನು, ಆನೆಯುಳ್ಳ ಒಬ್ಬನು ಹುರುಳಿಯನ್ನು ತಿನ್ನುತ್ತಿರುವದನ್ನು ಕಂಡು ಬೇಡಿದನು. ಎಂಜಲಲ್ಲದೆ ಬೇರೆ ಇಲ್ಲವೆಂದರೂ ಅದನ್ನೇ ತೆಗೆದುಕೊಂಡು ತಿಂದನು. ಮೇಲೆ ಆ ಮನುಷ್ಯನು ಕುಡಿಯುವ ನೀರನ್ನೂ ಕೊಡಹೋದಾಗ, ಅದು ಎಂಜಲು, ಬೇಡವೆಂದನು. ಹುರುಳಿಯು ಎಂಜಲಾಗಿರಲಿಲ್ಲವೇ ಎಂದು ಅವನು ಕೇಳಲು, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಕ್ಕುವದೆಂದು ಉಷಸ್ತಿಯ ಉತ್ತರವು. ಆಪತ್ತು ಎಲ್ಲಿಗೆ ಮುಗಿಯುವದೋ ಅಲ್ಲಿಗೇ ಆಪದ್ಧರ್ಮವೂ ಮುಗಿಯಿತು. ಒಂದು ಗುಟುಕು ನೀರಿನಷ್ಟೂ ಅದು ಮುಂದಕ್ಕೆ ಚಾಚಲಿಲ್ಲ.

ನಡುರಾತ್ರಿ ದೇವದತ್ತನಿಗೆ ಎದೆ ಹಿಡಿದು, ವೈದ್ಯನು ಫೋನಿನಲ್ಲಿ ಇಂಥ ಗುಳಿಗೆಯನ್ನು ಈಗಲೇ ಕೊಡಿರೆಂದು ಹೇಳಿ, ಅದು ಯಜ್ಞದತ್ತನ ಡಬ್ಬಿಯಲ್ಲಿ ಮಾತ್ರ ಇದ್ದರೆ, ಅದು ಉಷಸ್ತಿಯ ಹುರುಳಿಯು. ಕೊಡಬೇಕು, ಕೊಡದವನು ಮೂಢನು. ಕೊಟ್ಟದ್ದನ್ನು ಅಂದೇ ವಹಿಯಲ್ಲಿ ಬರೆದು, ಬೆಳಗಾಗುತ್ತಲೇ ಒಡೆಯನಿಗೆ ತಿಳಿಸಿ, ಅವನ ಮುಂದಿನ ಸರದಿಗೆ ಮೊದಲೇ ತುಂಬಿಕೊಡಬೇಕೆಂಬದನ್ನು ಬೇರೆ ಹೇಳಬೇಕಾಗಿಲ್ಲ. ತಿಂಗಳ ಕೊನೆಯ ಕೊರತೆಯಾದರೋ ಆಪತ್ತಲ್ಲ. ಮೂವತ್ತು ಗುಳಿಗೆಗಳು ಮೂವತ್ತು ದಿನಗಳಲ್ಲಿ ತೀರುವವೆಂಬದು ಮೊದಲನೆಯ ತಾರೀಖಿನಂದೇ ಗೊತ್ತಿದ್ದ ಸಂಗತಿಯು. ಪಂಚಾಂಗದಲ್ಲಿ ಬರೆದಿಟ್ಟ ಅಮಾವಾಸ್ಯೆಯು ಬಂತೆಂದು ಯಾರಾದರೂ ಬೆಚ್ಚಿಬೀಳುವರೇ?

ಈ ಮಾತನ್ನು ಆಯುರ್ವೇದದ ಆಚಾರ್ಯರು ಚೆನ್ನಾಗಿ ಅರಿತಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯವು ಸಾಮಗ್ರಿಯ ಪೂರ್ವಸಂಗ್ರಹವನ್ನು ಹೇಳತಕ್ಕದ್ದು. ವೈದ್ಯನು ತಿಳಿದವನಾಗಿದ್ದು ಔಷಧವನ್ನು ಸರಿಯಾಗಿ ಕೊಟ್ಟರೆ ಸಾಕಲ್ಲವೇ, ಇಷ್ಟೆಲ್ಲ ಕೂಡಿಹಾಕುವದೇಕೆಂಬ ಶಂಕೆಯನ್ನು ಅಗ್ನಿವೇಶನಿಂದ ಕೇಳಿಸಿ, ಆತ್ರೇಯನಿಂದ ಸಮಾಧಾನವನ್ನು ಹೇಳಿಸಿದೆ. ಪೇಟೆಯಲ್ಲಿ ಕೊಡುಕೊಳ್ಳುವಿಕೆಯು ನಡೆದೇ ಇದ್ದರೂ, ಕೇಡು ಬಂದು ಮೇಲೆ ಬಿದ್ದ ಹೊತ್ತಿನಲ್ಲಿ ಔಷಧಗಳನ್ನು ಬೇಗನೆ ಸರಿಯಾಗಿ ಒದಗಿಸುವದು ಸುಲಭವಲ್ಲವೆಂಬದು ಅಲ್ಲಿಯ ಭಾವವು. ಭಾನುವಾರ ಸಂಜೆ ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಚೀಟಿ ಹಿಡಿದು ಹತ್ತರಗಿಯಿಂದ ಸಂಕೇಶ್ವರಕ್ಕೆ ಓಡಿದವರಿಗೆ ಈ ವಾಕ್ಯಕ್ಕೆ ಭಾಷ್ಯವು ಬೇಕಾಗದು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಔಷಧದ ನಾಲ್ಕು ಗುಣಗಳನ್ನು ಹೇಳುವಾಗ ಬಹುತೆಯನ್ನು, ಎಂದರೆ ಬೇಕಾದಷ್ಟು ಇರುವದನ್ನು, ಒಂದು ಗುಣವಾಗಿಯೇ ಎಣಿಸಿದ್ದಾರೆ. ಸಾಕಷ್ಟಿಲ್ಲದ ಔಷಧವು ಗುಣಹೀನವಾದ ಔಷಧವೇ ಎಂದಾಯಿತು.

ಆಚರಣೆಯಲ್ಲಿಯೂ ಇದು ಇತ್ತೆಂಬದಕ್ಕೆ ಕಲ್ಲುಗಳು ಸಾಕ್ಷಿಯಾಗಿವೆ. ಬಳ್ಳಿಗಾವಿಯ ಕೋಡಿಯಮಠವು ಅನಾಥರಾದ ರೋಗಿಗಳಿಗೆ ಔಷಧ ಕೊಡುವ ಸ್ಥಾನವಾಗಿತ್ತೆಂದು 1162ರ ಶಾಸನವು ಹೊಗಳುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರ ಚೋಳನ ಕಾಲದ, 1069ರ ಸುಮಾರಿನ ಶಾಸನವಂತೂ ಹದಿನೈದು ಹಾಸಿಗೆಗಳ ಒಂದು ಆತುರಶಾಲೆಗೆ ವೈದ್ಯನು, ಶಸ್ತ್ರವೈದ್ಯನು, ಬೇರುಸೊಪ್ಪು ತರುವವರು, ಉಪಚಾರ ಮಾಡುವ ಹೆಂಗಸರು ಇವರ ವೇತನವನ್ನು ಗೊತ್ತುಮಾಡಿ, ವರ್ಷವಿಡೀ ಸಂಗ್ರಹದಲ್ಲಿರಬೇಕಾದ ಸುಮಾರು ಇಪ್ಪತ್ತು ಔಷಧಗಳ ಪಟ್ಟಿಯನ್ನೂ ಕೊರೆದಿಟ್ಟಿದೆ. ಆ ಪಟ್ಟಿಯಲ್ಲಿ ಹಳೆಯ ತುಪ್ಪವೂ ಒಂದು. ಹಳತಾದಷ್ಟೂ ಗುಣ ಹೆಚ್ಚುವ ಔಷಧವದು. ಇಂದಿನ ಗುಳಿಗೆಗಳಿಗೆ ಆ ಭಾಗ್ಯವಿಲ್ಲ.

ಔಷಧದ ನಿಕ್ಷೇಪವು ಬಂಗಾರದ ನಿಕ್ಷೇಪದಿಂದ ಭಿನ್ನವಾಗುವದು ಇಲ್ಲಿಯೇ. ಬಂಗಾರವನ್ನು ಮುಟ್ಟದೆ ಇಟ್ಟವನು ಪ್ರಾಮಾಣಿಕನು. ಔಷಧವನ್ನು ಮುಟ್ಟದೆ ಇಟ್ಟವನು ಅಪರಾಧಿಯು. ಹೊತ್ತುಹೊತ್ತಿಗೆ ಒಡೆಯನ ಹೊಟ್ಟೆಗೆ ಸೇರಿಸುತ್ತ ಬರಿದುಮಾಡುವದೇ ಇದರ ರಕ್ಷಣೆ. ಚೂರ್ಣವು ಎರಡು ತಿಂಗಳಲ್ಲಿ, ಗುಟಿಕೆ ಲೇಹ್ಯಗಳು ಒಂದು ವರ್ಷದಲ್ಲಿ ಬಲಗುಂದುವವೆಂದು ಶಾರ್ಙ್ಗಧರನು ಹೇಳಿದ್ದಾನೆ; ಇಂದು ಆ ಅವಧಿಯನ್ನು ಪಟ್ಟಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಆದರೆ ನಾಲ್ಕು ಗುಳಿಗೆ ಅವರಿಗೆ ಆರು ಗುಳಿಗೆ ಇವರಿಗೆ ಎಂದು ಕತ್ತರಿಸುವಾಗ ತಾರೀಖಿನ ತುದಿಯು ಎಲ್ಲಿಯೋ ಹೋಗುವದು. ಉಳಿದ ತುಂಡು ಹೆಸರಿಲ್ಲದ, ಜನ್ಮಪತ್ರಿಕೆಯಿಲ್ಲದ ಅನಾಥವು. ಕೈಗಡದ ಅನರ್ಥಗಳಲ್ಲಿ ಇದೂ ಒಂದೆಂದು ಎಣಿಸತಕ್ಕದ್ದು. ಇನ್ನು ಇನ್ಸುಲಿನ್ನಿನಂಥ ಔಷಧವನ್ನು ಒಡೆಯುವ ಮೊದಲು 2ರಿಂದ 8 ಡಿಗ್ರಿಗಳ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಗೊಡಬಾರದು. ಬಳಕೆಗೆ ತೆಗೆದ ಸೀಸೆಯು ಸುಮಾರು ನಾಲ್ಕು ವಾರವೇ ನಡೆಯುವದು. ವೈಶಾಖದ ಬಿಸಿಲಿನಲ್ಲಿ ವಿದ್ಯುತ್ತು ಹೋದರೆ ಶೀತಕಪಾಟು ಬರಿಯ ಕಪಾಟಾಗುತ್ತದೆ. ಅಂಥ ಹೊತ್ತಿಗೆ ಒದ್ದೆ ಉಸುಕು ತುಂಬಿದ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಗಡಿಗೆಯನ್ನಿಟ್ಟು, ಅದರಲ್ಲಿ ಸೀಸೆಯನ್ನು ಕಾಯುವದು ತಕ್ಕಮಟ್ಟಿಗೆ ನಡೆಯುವ ಉಪಾಯವು.

ಹಾಗಾದರೆ ದೇವದತ್ತನ ಐದು ದಿನಗಳಿಗೆ ಪರಿಹಾರವೇನು? ಕಡವು ಹಣದ್ದಾಗಲಿ, ಗುಳಿಗೆಯದಾಗಬಾರದು. ಡಬ್ಬಿಯಲ್ಲಿ ಹತ್ತು ದಿನದ ಗುಳಿಗೆಗಳು ಉಳಿದಾಗಲೇ ಮಗನಿಗೆ ತಿಳಿಸಬೇಕು. ಐದು ದಿನ ಉಳಿದಾಗಲೂ ಉತ್ತರವಿಲ್ಲದಿದ್ದರೆ ಆಶ್ರಮವು ತನ್ನ ನಿಧಿಯಿಂದ, ದೇವದತ್ತನ ಚೀಟಿಯ ಮೇಲೆ, ದೇವದತ್ತನ ಹೆಸರಿನಲ್ಲಿಯೇ ಕೊಂಡು ತಂದು ಮಗನ ಹೆಸರಿಗೆ ಖರ್ಚು ಬರೆಯಬೇಕು. ಆಗ ಸಾಲವು ಸಾಲವಾಗಿಯೂ ನಿಕ್ಷೇಪವು ನಿಕ್ಷೇಪವಾಗಿಯೂ ಉಳಿಯುವವು. ಮಗನ ಮರೆವಿನ ಭಾರವು ಅದನ್ನು ಹೊರಬಲ್ಲ ಸಂಸ್ಥೆಯ ಮೇಲೆ ಬೀಳುವದು, ಮಂಚದ ಮೇಲಿನ ಮುದುಕನ ಮೇಲೆ ಬೀಳದು. ಸಂಸ್ಥೆಗೆ ಹಣವೆಲ್ಲಿಯದೆಂದು ಕೇಳುವರು. ರಕ್ತದೊತ್ತಡ ಮಧುಮೇಹಗಳ ಸಾಮಾನ್ಯ ಗುಳಿಗೆಗಳು ಸರಕಾರದ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಹಣವಿಲ್ಲದೆ ದೊರೆಯುತ್ತವೆ; 2008ರಲ್ಲಿ ಆರಂಭವಾದ ಜನೌಷಧಿಯ ಅಂಗಡಿಗಳಲ್ಲಿ ಬೆಲೆಯು ಬಹಳ ಕಡಿಮೆ. ಅಲ್ಲಿಗೆ ಹೋಗಿ ಸರದಿಯಲ್ಲಿ ನಿಲ್ಲುವ ಒಬ್ಬ ಮನುಷ್ಯನು ಬೇಕು. ವಾರ್ಷಿಕೋತ್ಸವಕ್ಕೆ ಶಾಲು ಹಾರಗಳನ್ನು ಕೊಡುವ ದಾತೃಗಳು ಆ ಮನುಷ್ಯನ ಸಂಬಳವನ್ನು ಕೊಟ್ಟರೆ ಕೆಟ್ಟಹೋಗದು.

ವಹಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಿದ್ರೆಯ ಗುಳಿಗೆಗಳು ಮೊದಲಾದ ಕೆಲವು ಔಷಧಗಳಿಗೆ, ರೋಗಿಯ ಮತ್ತು ಬರೆದುಕೊಟ್ಟ ವೈದ್ಯನ ಹೆಸರುಗಳನ್ನು ಬೇರೆ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕೆಂದು 2014ರಿಂದ ಅಂಗಡಿಕಾರನಿಗೇ ನಿರ್ಬಂಧವಿದೆ. ಅಂಗಡಿಯಿಂದ ಹೊರಬಿದ್ದ ಮೇಲೆ ಆ ಗುಳಿಗೆಯ ಲೆಕ್ಕವನ್ನು ಕೇಳುವವರಾರು? ಇರುಳೆಲ್ಲ ಕೂಗುವ ಮುದುಕಿಗೆ ಒಂದರ ಬದಲು ಎರಡು ಕೊಟ್ಟರೆ ಕೊಟ್ಟವನಿಗೂ ನಿದ್ದೆ ಬರುವದೆಂಬ ಪ್ರಲೋಭನವು ಸಾಮಾನ್ಯವಾದದ್ದಲ್ಲ. ಉಪಚಾರಕನಿಗೆ ಬೇಕಾದ ಗುಣಗಳಲ್ಲಿ ಅನುರಾಗದ ಸಂಗಡ ಶೌಚವನ್ನೂ ಚರಕನು ಹೇಳಿದ್ದಾನೆ. ಮಣ್ಣು ನೀರುಗಳ ಶೌಚಕ್ಕಿಂತ ಅರ್ಥಶೌಚವೇ ಮೇಲೆಂಬದು ಮನುವಿನ ಅಭಿಪ್ರಾಯವು. ಕೈ ತೊಳೆದುಕೊಂಡು ಗುಳಿಗೆ ಕೊಡುವದು ಒಂದು ಶೌಚ, ಕೊಟ್ಟೊಡನೆ ಬರೆದಿಡುವದು ಇನ್ನೊಂದು.

ಯಜ್ಞದತ್ತನು ತೀರಿಕೊಂಡನೆನ್ನಿರಿ. ಡಬ್ಬಿಯಲ್ಲಿ ಹನ್ನೊಂದು ಗುಳಿಗೆಗಳು ಉಳಿದಿವೆ. ಮಗಳು ಕಣ್ಣೊರಸಿಕೊಳ್ಳುತ್ತ, ಯಾರಾದರೂ ಬಡವರಿಗೆ ಕೊಡಿರೆನ್ನುತ್ತಾಳೆ. ಇದು ಔಷಧದಾನವು, ಪುಣ್ಯವಾದದ್ದು. ಆದರೆ ದಾನದ ವಸ್ತುವೂ ಪಾತ್ರವೂ ನೋಡತಕ್ಕವು. ಇಂಗ್ಲೆಂಡಿನ ಆರೈಕೆಮನೆಗಳಲ್ಲಿ ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಕೊಡಕೂಡದು. ಮರಣವಾದರೆ, ವಿಚಾರಣೆಯು ಬಂದೀತೆಂದು ಏಳು ದಿನ ಕಾದಿಟ್ಟು, ಆ ಮೇಲೆ ಅಂಗಡಿಗೆ ಮರಳಿಸಿ ನಾಶಪಡಿಸುವ ಪದ್ಧತಿಯು. ಬಡದೇಶಕ್ಕೆ ಇದು ದುಂದಾಗಿ ಕಂಡರೆ ಆಶ್ಚರ್ಯವಲ್ಲ. ಕತ್ತರಿಸದ ಪಟ್ಟಿಯು, ಅವಧಿಯಿದ್ದು, ತಂಪನ್ನು ಬೇಡದ ಜಾತಿಯದಾಗಿದ್ದರೆ, ಅದನ್ನು ಧರ್ಮಾರ್ಥ ದವಾಖಾನೆಯ ವೈದ್ಯನ ಮುಂದಿಟ್ಟು ಅವನ ನಿರ್ಣಯಕ್ಕೆ ಬಿಡುವದು ಯುಕ್ತವಾಗಿ ತೋರುತ್ತದೆ. ಕತ್ತರಿಸಿದ ತುಂಡುಗಳು ನಾಶವಾಗಲಿ. ಆದರೆ ಪಕ್ಕದ ಮಂಚದ ದೇವದತ್ತನ ಡಬ್ಬಿಗೆ ಅವು ನೆಟ್ಟಗೆ ಹೋಗಬಾರದು. ಒಬ್ಬನ ಸಾವು ಇನ್ನೊಬ್ಬನಿಗೆ ಹನ್ನೊಂದು ಗುಳಿಗೆಯ ಲಾಭವೆಂಬ ಲೆಕ್ಕವು ಆ ಕೋಣೆಯಲ್ಲಿ ಹುಟ್ಟದಿರುವದೇ ಲೇಸು.

ಕೀಲಿಯ ಮಾತೊಂದು ಉಳಿಯಿತು. ಎಲ್ಲ ಔಷಧವನ್ನೂ ಕಪಾಟಿನಲ್ಲಿಟ್ಟು ಕೀಲಿಯನ್ನು ವ್ಯವಸ್ಥಾಪಕನೇ ಸೊಂಟಕ್ಕೆ ಕಟ್ಟಿಕೊಳ್ಳುವದು ಈ ಕಡೆಯ ರೂಢಿಯು. ಅರವುಮರವಾದವರಿಗೆ ಅದು ಅವಶ್ಯವೇ. ಆದರೆ ಆಶ್ರಮಕ್ಕೆ ಬಂದವರೆಲ್ಲರೂ ಅಂಥವರಲ್ಲ. 2014ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮಾರ್ಗದರ್ಶಿಯು, ಪರೀಕ್ಷಿಸಿ ಅಪಾಯವು ಕಂಡಲ್ಲದೆ, ವೃದ್ಧನು ತನ್ನ ಔಷಧವನ್ನು ತಾನೇ ಇಟ್ಟುಕೊಂಡು ತೆಗೆದುಕೊಳ್ಳಬಲ್ಲನೆಂದೇ ತಿಳಿಯಬೇಕೆಂದು ಹೇಳಿತು. ಇದು ಇಲ್ಲಿಯವರಿಗೂ ಒಪ್ಪುವ ಮಾತು. ಮನೆಯ ಕೀಲಿಕೈಯನ್ನು ಸೊಸೆಗೆ, ಹೊಲದ ಕಾಗದಗಳನ್ನು ಮಗನಿಗೆ ಕೊಟ್ಟು ಬಂದವನಿಗೆ, ತನ್ನದೆಂದು ಎಣಿಸಲಿಕ್ಕೆ ಆ ಮೂವತ್ತು ಗುಳಿಗೆಗಳಾದರೂ ಇರಲಿ. ಕಪಾಟಿನಲ್ಲಿಯೇ ಇಡಬೇಕಾದಲ್ಲಿ ಕೂಡ ರಾತ್ರಿ ಊಟವಾದ ಮೇಲೆ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟು "ಎಷ್ಟ ಉಳದಾವ ನೋಡ್ರಿ ಅಜ್ಜಾರ" ಎಂದು ಕೇಳಲಿಕ್ಕೆ ಯಾವ ಕಾಯಿದೆಯೂ ಅಡ್ಡಬರುವದಿಲ್ಲ. ಅವನು ಕನ್ನಡಕವನ್ನು ಸರಿಪಡಿಸಿಕೊಂಡು, ಬೆರಳಿನ ಗೆಣ್ಣುಗಳ ಮೇಲೆ ನಿಧಾನವಾಗಿ ಎಣಿಸಿ, ಹದಿನಾಲ್ಕು ಎನ್ನುವನು. ವಹಿಯಲ್ಲಿಯೂ ಹದಿನಾಲ್ಕೇ ಇರಬೇಕು.